ಬಿಗಿಯದ ಬೋಲ್ಟಿಗೆ ಹಳದಿ ಗುರುತು

ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವನೇ ಪಕ್ಕದವರ ಮುಖ ನೋಡುತ್ತಿದ್ದ. ವರ್ಕ್‌ಶಾಪಿನಲ್ಲಿ, ಬೀದಿಯಲ್ಲಿ, ಕ್ಷೌರದಂಗಡಿಯಲ್ಲಿ ಅವನು ಕಟಕ್ ಮೇಸ್ತ್ರಿ. ಹೆಂಡತಿ ತರಕಾರಿ ಅಂಗಡಿಗೆ ಹೋದರೆ ಕಟಕ್ ಮೇಸ್ತ್ರಿಯ ಮನೆಯವರು ಬಂದರು ಎಂದು ದಾರಿ ಬಿಡುತ್ತಿದ್ದರು. ಆಕೆಗೆ ಅದು ಮೊದಮೊದಲು ನಾಚಿಕೆ, ಆಮೇಲೆ ಅಭ್ಯಾಸ. ಈಗೀಗ ಬಾಗಿಲಿಗೆ ಬೀಗ ಹಾಕುವಾಗ ತಾನೇ ಬಾಯಲ್ಲಿ ಕಟಕ್ ಎಂದು ನಗುತ್ತಿದ್ದಳು.

ಹೆಸರು ಬಂದದ್ದು ಅವನ ಟಾರ್ಕ್ ವ್ರೆಂಚಿನಿಂದ. ಬೋಲ್ಟು ಬಿಗಿಯುವ ಉದ್ದ ಹಿಡಿಯ ಸಾಮಾನು ಅದು. ಎಷ್ಟು ಬಿಗಿಯಬೇಕೋ ಆ ಅಂಕಿಯನ್ನು ಹಿಡಿಯ ಬುಡ ತಿರುಗಿಸಿ ಇಟ್ಟುಕೊಂಡರೆ, ಅಷ್ಟು ಬಿಗಿಯಾದ ಕೂಡಲೇ ಕಟಕ್ ಎನ್ನುತ್ತದೆ. ಅದಕ್ಕಿಂತ ಹೆಚ್ಚು ಬಿಗಿದರೆ ಬೋಲ್ಟು ಎಳೆದುಕೊಳ್ಳುತ್ತದೆ, ಕಡಿಮೆಯಾದರೆ ಸಡಿಲವಾಗುತ್ತದೆ. ಮೇಸ್ತ್ರಿಗೆ ಆ ಸದ್ದಿನ ಮೇಲೆ ಇದ್ದಷ್ಟು ನಂಬಿಕೆ ಮನುಷ್ಯರ ಮೇಲೆ ಇರಲಿಲ್ಲ. ಕೆಲಸ ಮುಗಿದ ಮೇಲೆ ವ್ರೆಂಚಿನ ಅಂಕಿಯನ್ನು ಸೊನ್ನೆಗೆ ಇಳಿಸಿ, ಎಣ್ಣೆ ಬಟ್ಟೆಯಲ್ಲಿ ಒರೆಸಿ, ಗೋಡೆಯ ಮೊಳೆಗೆ ನೇತು ಹಾಕಿಯೇ ಅವನು ಕೈ ತೊಳೆಯುತ್ತಿದ್ದದ್ದು. ಅಂಕಿ ಇಳಿಸದೆ ಇಟ್ಟರೆ ಒಳಗಿನ ಸ್ಪ್ರಿಂಗು ಸೋಲುತ್ತದೆ, ಆಮೇಲೆ ಅದು ಸುಳ್ಳು ಹೇಳಲು ಶುರುಮಾಡುತ್ತದೆ ಎನ್ನುತ್ತಿದ್ದ. ಆ ವ್ರೆಂಚನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಮುಟ್ಟಿದವರಿಗೆ ಅವನ ಬಾಯಿಂದ ಬೀಳುತ್ತಿದ್ದ ಮಂತ್ರಪುಷ್ಪ ಕೇಳಲು ಪಕ್ಕದ ವೆಲ್ಡಿಂಗ್ ಅಂಗಡಿಯವರೂ ಕೆಲಸ ನಿಲ್ಲಿಸುತ್ತಿದ್ದರು.

ಆ ವರ್ಕ್‌ಶಾಪಿನಲ್ಲಿ ಕಟ್ಟುತ್ತಿದ್ದದ್ದು ಭಾರ ಎಳೆಯುವ ಲಾರಿಗಳ ಎಂಜಿನ್. ಓಡುವ ಎಂಜಿನ್ ಬೇರೆ, ಎಳೆಯುವ ಎಂಜಿನ್ ಬೇರೆ. ಓಡುವುದಕ್ಕೆ ಚುರುಕು ಸಾಕು. ಎಳೆಯುವುದಕ್ಕೆ ತಾಳ್ಮೆ ಬೇಕು. ಹಿಂದೆ ಒಂದು ಮನೆಯಷ್ಟು ದೊಡ್ಡ ಯಂತ್ರವನ್ನು ಹೊತ್ತ ಟ್ರೇಲರ್, ಮುಂದೆ ಬೆಟ್ಟದ ಏರು. ಹೆಜ್ಜೆ ಹೆಜ್ಜೆಗೂ ಉಸಿರು ಕಟ್ಟಿ ಅದು ತಳ್ಳಬೇಕು. ಅಂಥ ಎಂಜಿನ್ನಿನ ಜೀವ ಇರುವುದು ಅದರ ಹೊಟ್ಟೆಯೊಳಗೆ. ಆರು ಪಿಸ್ಟನ್ನುಗಳು ತಳ್ಳುವ ಬಲವನ್ನು ಆರು ರಾಡುಗಳು ಕ್ರ್ಯಾಂಕ್ ಎಂಬ ತಿರುಗುವ ದಪ್ಪ ದಂಡಕ್ಕೆ ತಲುಪಿಸುತ್ತವೆ. ಆ ರಾಡುಗಳನ್ನು ಕ್ರ್ಯಾಂಕಿಗೆ ಕಟ್ಟಿಹಾಕುವ ಬೋಲ್ಟು ಕಳಚಿತೋ, ರಾಡು ಎಂಜಿನ್ನಿನ ಗೋಡೆ ಒಡೆದುಕೊಂಡು ಹೊರಗೆ ಬರುತ್ತದೆ.

ಅದಕ್ಕೇ ಅಲ್ಲಿ ಒಂದು ಕಟ್ಟಳೆ ಇತ್ತು. ಬಿಗಿಯುವವನು ಬಣ್ಣ ಹಚ್ಚಬಾರದು, ಬಣ್ಣ ಹಚ್ಚುವವನು ಬಿಗಿಯಬಾರದು. ಒಬ್ಬ ಬಿಗಿದು "ಆಯ್ತು" ಎನ್ನಬೇಕು. ಇನ್ನೊಬ್ಬ ತನ್ನ ವ್ರೆಂಚಿನಿಂದ ಪರೀಕ್ಷಿಸಿ "ನೋಡ್ದೆ" ಎಂದು ಬೋಲ್ಟಿನ ತಲೆಗೆ ಹಳದಿ ಬಣ್ಣದ ಚುಕ್ಕೆ ಇಡಬೇಕು. ಹಳದಿ ಬಿದ್ದ ಬೋಲ್ಟಿನ ತಂಟೆಗೆ ಮತ್ತೆ ಯಾರೂ ಹೋಗುವುದಿಲ್ಲ. ಮೇಸ್ತ್ರಿ ಬಿಗಿದರೆ ಅವನ ಬಾಮೈದ, ಎಂದರೆ ಹೆಂಡತಿಯ ತಮ್ಮ, ಬಣ್ಣ ಹಚ್ಚುತ್ತಿದ್ದ. ಅವನ ಉಗುರಿನ ಸಂದಿಯಲ್ಲಿ ಸದಾ ಹಳದಿ ಇರುತ್ತಿದ್ದುದರಿಂದ ಅವನ ಹೆಸರೇ ಹಳದಿ ಎಂದಾಗಿತ್ತು. ಮದುವೆಯಾದ ಹೊಸದರಲ್ಲಿ ಮೇಸ್ತ್ರಿಯೇ ಅವನನ್ನು ಕರೆತಂದು ಕೆಲಸ ಕಲಿಸಿದ್ದ. ವರ್ಷಗಟ್ಟಲೆ ಆ ಶೆಡ್ಡಿನಲ್ಲಿ ಆಯ್ತು, ನೋಡ್ದೆ, ಆಯ್ತು, ನೋಡ್ದೆ ಎಂಬ ಎರಡೇ ಮಾತು ಕೇಳಿಸುತ್ತಿತ್ತು. ಅವರಿಬ್ಬರನ್ನು ನೋಡಿದವರು ಭಾವ ಬಾಮೈದರೆಂದರೆ ಹೀಗಿರಬೇಕು ಎನ್ನುತ್ತಿದ್ದರು.

ಹಾಗೆ ಅಂದವರ ಬಾಯಿಗೆ ಮಣ್ಣು ಬಿತ್ತು. ಮೇಸ್ತ್ರಿಗೆ ಒಬ್ಬಳೇ ಮಗಳು. ಅವಳು ಚಿಕ್ಕವಳಿದ್ದಾಗಿನಿಂದ ಸೋದರಮಾವನ ಬಾಲ. ಬೆಳೆದ ಮೇಲೆ ಮಾವ ಅವಳಿಗೆ ವರ್ಕ್‌ಶಾಪಿನ ಹಿಂದಿನ ಬಯಲಿನಲ್ಲಿ ಲಾರಿ ಓಡಿಸುವುದನ್ನು ಕಲಿಸಿದ, ಅದೂ ಅಪ್ಪನ ಕಣ್ಣು ತಪ್ಪಿಸಿ. ಲೈಸೆನ್ಸ್ ಬಂದ ದಿನ ಮೇಸ್ತ್ರಿಗೆ ವಿಷಯ ಗೊತ್ತಾಯಿತು. ಲಾರಿಯ ಎಂಜಿನ್ನಿನ ಒಳಗು ಬಲ್ಲವನು ಅವನು. ಏರಿನಲ್ಲಿ ಏನೇನಾಗುತ್ತದೆ ಎಂದು ಚೆನ್ನಾಗಿ ಗೊತ್ತು. ಭಾರದ ಲಾರಿ ಹಿಂದಕ್ಕೆ ಜಾರಿ ಚಾಲಕ ಸತ್ತದ್ದನ್ನು ಅವನು ಕಣ್ಣಾರೆ ಕಂಡಿದ್ದ. ಆ ಹೆದರಿಕೆಯನ್ನು ಹೆದರಿಕೆಯೆಂದು ಹೇಳಿಕೊಂಡಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ಆದರೆ ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಾಯಿಗೆ ಬಂದಂತೆ ಬೈದ. ನನ್ನ ಮಗಳನ್ನು ಕೊಲ್ಲುವುದಕ್ಕೇ ನಿನಗೆ ಕೆಲಸ ಕಲಿಸಿದೆನಾ ಎಂದು ಬಾಮೈದನನ್ನು ನಾಲ್ಕು ಜನರೆದುರು ಕೇಳಿದ. ಅಂದಿನಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ.

ಮಾತು ಬಿಟ್ಟರೂ ಕೆಲಸ ಬಿಡುವಂತಿರಲಿಲ್ಲ. ಇಬ್ಬರೂ ಅದೇ ಎಂಜಿನ್ನಿನ ಎರಡು ಬದಿಗೆ ನಿಲ್ಲಬೇಕು. ಅವರಿಬ್ಬರ ನಡುವೆ ಸುದ್ದಿ ಸಾಗಿಸುವ ಕೆಲಸ ವರ್ಕ್‌ಶಾಪಿನ ಯಜಮಾನರ ಪಾಲಿಗೆ ಬಂತು. ಭಾವನಿಗೆ ಹೇಳಿ ಗ್ಯಾಸ್ಕೆಟ್ ಬಂದಿದೆ ಎಂದು ಹಳದಿ, ಕಣ್ಣಿದ್ದವರಿಗೆ ಕಾಣ್ತದೆ ಅಂತ ಅವನಿಗೆ ಹೇಳಿ ಎಂದು ಮೇಸ್ತ್ರಿ. ಯಜಮಾನರು ತಲೆ ಚಚ್ಚಿಕೊಂಡರು. ಒಂದು ದಿನ ಹಳದಿ ಎಂದಿನಂತೆ ತನ್ನ ವ್ರೆಂಚು ಹಿಡಿದು ಪರೀಕ್ಷಿಸಲು ಬಂದಾಗ ಮೇಸ್ತ್ರಿ ಯಜಮಾನರ ಕಡೆ ತಿರುಗಿ, ನಾನು ಬಿಗಿದದ್ದನ್ನು ಇನ್ನೊಬ್ಬ ಮುಟ್ಟಿ ನೋಡುವ ಅಗತ್ಯ ಇಲ್ಲ, ಬಣ್ಣ ಹಚ್ಚುವವನು ಬಣ್ಣ ಹಚ್ಚಿಕೊಂಡಿರಲಿ ಎಂದ. ಹಳದಿಯ ಮುಖ ಸಣ್ಣದಾಯಿತು. ಅಂದಿನಿಂದ ಅವನು ಪರೀಕ್ಷಿಸಲು ತನ್ನ ವ್ರೆಂಚು ಮುಟ್ಟಲಿಲ್ಲ. ಮೇಸ್ತ್ರಿ ಬಿಗಿದು ಹಿಂದೆ ಸರಿದರೆ ಬಿಗಿದಾಯಿತು ಎಂದರ್ಥ. ಇವನು ಬಂದು ಚುಕ್ಕೆ ಇಟ್ಟು ಹೋಗುವುದು. ಆಯ್ತು, ನೋಡ್ದೆ ಎಂಬ ಎರಡು ಮಾತೂ ಆ ಶೆಡ್ಡಿನಿಂದ ಹೊರಟುಹೋದವು.

ಹೀಗಿರುವಾಗ ಒಂದು ದೊಡ್ಡ ಕೆಲಸ ಬಂತು. ಬೆಟ್ಟದಾಚೆಯ ವಿದ್ಯುತ್ ಕೇಂದ್ರಕ್ಕೆ ಭಾರಿ ಟ್ರಾನ್ಸ್‌ಫಾರ್ಮರ್ ಒಯ್ಯಬೇಕು. ಸಾಗಣೆ ಕಂಪನಿಯವರು ತಮ್ಮ ಎಳೆಯುವ ಲಾರಿಯ ಹಳೆಯ ಎಂಜಿನ್ ಇಳಿಸಿ ಹೊಸದಾಗಿ ಕಟ್ಟಿಕೊಡಿ ಎಂದರು. ಮೇಸ್ತ್ರಿ ಅದನ್ನು ಮನಸ್ಸಿಟ್ಟು ಕಟ್ಟಿದ. ಕ್ರ್ಯಾಂಕನ್ನು ಬೆಳಕಿಗೆ ಹಿಡಿದು ಕೂದಲೆಳೆಯ ಬಿರುಕು ಇದೆಯೇ ಎಂದು ನೋಡಿದ. ಬೇರಿಂಗುಗಳನ್ನು ಬೆರಳ ತುದಿಯಿಂದ ಸವರಿ ಸವರಿ ಕೂರಿಸಿದ. ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಮಗುಚಿ ಹಾಕಿ ರಾಡುಗಳಿಗೆ ಕೈ ಹಾಕಿದ. ಆರು ರಾಡುಗಳು ಜೋಡಿ ಜೋಡಿಯಾಗಿ ಕೈಗೆ ಸಿಗುತ್ತವೆ: ಒಂದು ಮತ್ತು ಆರು, ಎರಡು ಮತ್ತು ಐದು, ಕೊನೆಗೆ ನಡುವಿನ ಮೂರು ಮತ್ತು ನಾಲ್ಕು. ಒಂದೊಂದು ಜೋಡಿಗೂ ಎರಡು ಸುತ್ತು. ಮೊದಲ ಸುತ್ತು ಹಗುರಾಗಿ, ಬೋಲ್ಟು ತನ್ನ ಜಾಗದಲ್ಲಿ ಕೂರಲಿ ಎಂದು. ಎರಡನೆಯದು ಪೂರಾ ಬಿಗಿ. ಮಧ್ಯೆ ವ್ರೆಂಚಿನ ಅಂಕಿ ಏರಿಸಿಕೊಳ್ಳಬೇಕು.

ಎರಡು ಜೋಡಿ ಮುಗಿಯಿತು. ಮೂರು ಮತ್ತು ನಾಲ್ಕಕ್ಕೆ ಮೊದಲ ಸುತ್ತು ಮುಗಿಸಿ ಅಂಕಿ ಏರಿಸಬೇಕು ಎನ್ನುವಷ್ಟರಲ್ಲಿ ಹೆಂಡತಿಯ ಫೋನು ಬಂತು. ಆಕೆ ಸುತ್ತಿ ಬಳಸಿ ಹೇಳಿದಳು. ಟ್ರಾನ್ಸ್‌ಫಾರ್ಮರ್ ಎಳೆಯಬೇಕಿದ್ದ ಚಾಲಕ ಕಾಮಾಲೆ ಬಂದು ಮಲಗಿದ್ದಾನಂತೆ. ಕಂಪನಿಯವರು ಮಗಳನ್ನು ಕೇಳಿದರಂತೆ. ಅವಳು ಒಪ್ಪಿಕೊಂಡಳಂತೆ.

ಮೇಸ್ತ್ರಿ ವ್ರೆಂಚನ್ನು ಎಂಜಿನ್ನಿನ ಮೇಲೆಯೇ ಬಿಟ್ಟು, ಕೈಯ ಎಣ್ಣೆಯನ್ನೂ ಒರೆಸಿಕೊಳ್ಳದೆ ಮನೆಗೆ ಹೋದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಗಳು ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು. ಅವನು ಕೂಗಾಡಿದ, ಕುರ್ಚಿ ಒದ್ದ, ಹೆಂಡತಿ ಬೇಡಿಕೊಂಡರೂ ಕೇಳಲಿಲ್ಲ. ಮಗಳು ಮಾತ್ರ ಮಡಚುವುದನ್ನು ನಿಲ್ಲಿಸಲಿಲ್ಲ. ನಿನ್ನ ಕೈಯಲ್ಲಿ ಕಟ್ಟಿದ ಎಂಜಿನ್ ಅಪ್ಪ, ನನಗೆ ಹೆದರಿಕೆ ಇಲ್ಲ ಎಂದಳು. ಬೇರೆ ಯಾರಾದರೂ ಆ ಮಾತಿಗೆ ಕರಗಿ ನೀರಾಗುತ್ತಿದ್ದರು. ಇವನು ಇನ್ನೂ ಕೆರಳಿದ.

"ನೋಡ್ಕೋ, ನೀನು ಆ ಲಾರಿ ಹತ್ತಿದ್ರೆ ನಡುರಸ್ತೆಲಾದ್ರೂ ಸರಿ, ಎಲ್ಲರೆದುರಿಗೂ ಕೈ ಹಿಡಿದು ಕೆಳಗೆ ಎಳೀತೀನಿ. ಆಮೇಲೆ ಅಪ್ಪ ಮರ್ಯಾದೆ ತೆಗೆದ ಅನ್ಬೇಡ" ಎಂದ.

ಅವಳು ಮಡಚಿದ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಒಳಗೆ ಹೋದಳು. ಅವನು ಬೀದಿಯಲ್ಲಿ ಎರಡು ಸುತ್ತು ಹಾಕಿ, ಸಿಟ್ಟು ಇಳಿಯದೆ, ಟೀ ಅಂಗಡಿಯಲ್ಲಿ ಕುಳಿತು, ಆಮೇಲೆ ವರ್ಕ್‌ಶಾಪಿಗೆ ಬಂದ. ವ್ರೆಂಚು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಮೂರು ಮತ್ತು ನಾಲ್ಕರ ಬೋಲ್ಟುಗಳ ಮೇಲೆ ಹಸಿ ಹಳದಿ ಹೊಳೆಯುತ್ತಿತ್ತು. ಓಹೋ, ನಾನಿಲ್ಲದಾಗ ದೊಡ್ಡಮನುಷ್ಯ ಎರಡನೇ ಸುತ್ತನ್ನು ತಾನೇ ಬಿಗಿದಿದ್ದಾನೆ ಎಂದುಕೊಂಡ. ಕೇಳಬೇಕಿತ್ತು. ಹತ್ತು ಹೆಜ್ಜೆ ದೂರದಲ್ಲಿ ಬಾಮೈದ ಬ್ರಷ್ ತೊಳೆಯುತ್ತಿದ್ದ. ಬಿಗಿದ್ಯಾ ಎಂಬ ಒಂದು ಮಾತು ಸಾಕಿತ್ತು. ಆದರೆ ಮೊದಲು ಬಾಯಿ ಬಿಟ್ಟವನು ಸೋತಂತೆ ಎಂಬ ಹುಚ್ಚು ಲೆಕ್ಕ ತಲೆಯಲ್ಲಿತ್ತು. ಅವನು ಎಂಜಿನ್ನಿನ ಹೊಟ್ಟೆ ಮುಚ್ಚಿದ.

ಎಂಜಿನ್ ಲಾರಿಗೆ ಏರಿತು, ಮೊದಲ ತಿರುವಿಗೇ ಶುರುವಾಯಿತು, ಒಂದು ಅಪಸ್ವರವಿಲ್ಲ. ಮಗಳು ಬಂದು ಲಾರಿ ತೆಗೆದುಕೊಂಡು ಹೋದಳು. ಮೇಸ್ತ್ರಿ ಆ ಹೊತ್ತಿಗೆ ಬೇಕೆಂದೇ ಹಿಂದಿನ ಕೋಣೆಯಲ್ಲಿ ಸಾಮಾನು ಜೋಡಿಸುತ್ತಿದ್ದ. ಹೊಸ ಎಂಜಿನ್ ಪಳಗುವ ತನಕ ಜೋರು ಮಾಡಬಾರದೆಂದು ಬಲ್ಲವಳು ಅವಳು. ಖಾಲಿ ಲಾರಿಯನ್ನು ಮೆಲ್ಲಗೆ ಒಯ್ದು ಟ್ರೇಲರಿಗೆ ಕಟ್ಟಿದಳಂತೆ. ಬೆಟ್ಟ ಹತ್ತುವ ದಿನ ಬೆಳಿಗ್ಗೆ ಮನೆಯಲ್ಲಿ ಯಾರೂ ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡಲಿಲ್ಲ.

ಮೇಸ್ತ್ರಿ ಶೆಡ್ಡಿಗೆ ಬಂದು ಮುಂದಿನ ಎಂಜಿನ್ನಿಗೆ ಕೈ ಹಾಕಲು ಮೊಳೆಯಿಂದ ವ್ರೆಂಚು ತೆಗೆದ. ಅಭ್ಯಾಸದಂತೆ ಹಿಡಿಯ ಬುಡ ನೋಡಿದ. ಸೊನ್ನೆ ಇರಬೇಕಿತ್ತು, ಇರಲಿಲ್ಲ. ಪೂರಾ ಬಿಗಿಯ ಅಂಕಿಯಾದರೂ ಇರಬೇಕಿತ್ತು, ಅದೂ ಇರಲಿಲ್ಲ. ಇದ್ದದ್ದು ಮೊದಲ ಸುತ್ತಿನ ಅಂಕಿ. ಅವನು ಫೋನು ಬಂದಾಗ ಎಲ್ಲಿ ಬಿಟ್ಟಿದ್ದನೋ ಅಲ್ಲೇ.

ವ್ರೆಂಚನ್ನು ಬೆಳಕಿಗೆ ಹಿಡಿದು ಮತ್ತೆ ನೋಡಿದ. ಕಣ್ಣೊರೆಸಿಕೊಂಡು ಮತ್ತೆ ನೋಡಿದ. ಬಾಮೈದ ಮೂಲೆಯಲ್ಲಿ ವಾಲ್ವು ಉಜ್ಜುತ್ತಿದ್ದ. ಮೇಸ್ತ್ರಿ ಅವನ ಎದುರು ಹೋಗಿ ನಿಂತ.

"ಮೂರು ನಾಲ್ಕನೇದು ನೀನು ಬಿಗಿದ್ಯಾ?"

ಹಳದಿ ತಲೆ ಎತ್ತಿದ. ಭಾವ ಮಾತಾಡಿದ್ದೇ ಅವನಿಗೆ ಆಶ್ಚರ್ಯ.

"ಇಲ್ಲ ಭಾವ. ನೀವು ಎಂಜಿನ್ ಬಿಟ್ಟು ಹೋದ್ರಲ್ಲ, ಬಿಗಿದಾಯ್ತು ಅಂತ ಬಣ್ಣ ಹಚ್ದೆ. ವ್ರೆಂಚ್ ಎತ್ತಿ ಮೊಳೆಗೆ ಹಾಕ್ದೆ ಅಷ್ಟೇ, ಅಂಕಿ ಮುಟ್ಲಿಲ್ಲ. ಮುಟ್ಟಿದ್ರೆ ನೀವು ಬೈತೀರ" ಎಂದ. ಆಮೇಲೆ ಮೇಸ್ತ್ರಿಯ ಮುಖ ನೋಡಿದ. ಅವನ ಕೈಯಲ್ಲಿದ್ದ ವಾಲ್ವು ಜಾರಿ ನೆಲಕ್ಕೆ ಬಿತ್ತು.

ಮೊದಲು ಫೋನು. ಮೇಸ್ತ್ರಿ ಮಾಡಿದ ಕರೆಗಳನ್ನು ಮಗಳು ಎತ್ತಲಿಲ್ಲ. ಅಪ್ಪನ ಹೆಸರು ಕಂಡರೆ ಎತ್ತುವಂಥ ಮಾತನ್ನು ಅವನು ಆಡಿ ಕಳಿಸಿರಲೂ ಇಲ್ಲ. ಹಳದಿ ಮಾಡಿದ. ಅದೂ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಭಾರ ಎಳೆಯುವಾಗ ಫೋನು ಡಬ್ಬಿಯಲ್ಲಿರಬೇಕು, ಯಾರೇ ಮಾಡಲಿ ಎತ್ತಕೂಡದು ಎಂದು ಅವಳಿಗೆ ಬುದ್ಧಿ ಹೇಳಿಕೊಟ್ಟವನೇ ಅವನು. ಯಜಮಾನರು ಸಾಗಣೆ ಕಂಪನಿಯ ಸೂಪರ್‌ವೈಸರನನ್ನು ಹಿಡಿದರು. ಆತ ಟ್ರೇಲರಿನ ಮುಂದೆ ದಾರಿ ಬಿಡಿಸುವ ಜೀಪಿನಲ್ಲಿದ್ದ. ಏರು ಶುರುವಾಗಿದೆ, ನಮಗೋಸ್ಕರ ರಸ್ತೆ ಮುಚ್ಚಿಸಿದ್ದಾರೆ, ನಡುವೆ ನಿಲ್ಲಿಸುವ ಮಾತೇ ಇಲ್ಲ, ಬೆಟ್ಟ ಇಳಿದ ಮೇಲೆ ಬಯಲಿದೆ, ಅಲ್ಲಿ ಬಂದು ಏನು ಬೇಕಾದರೂ ನೋಡಿಕೊಳ್ಳಿ ಎಂದು, ವಿಷಯ ಪೂರಾ ಕೇಳದೆ ಕತ್ತರಿಸಿಬಿಟ್ಟ.

ಇಳಿದ ಮೇಲೆ. ಆ ಮಾತು ಕೇಳಿ ಮೇಸ್ತ್ರಿ ಅಲ್ಲೇ ಕುಸಿದು ಕುಳಿತ. ಹತ್ತುವಾಗ ಎಂಜಿನ್ ಮೆಲ್ಲಗೆ ತಿರುಗುತ್ತದೆ. ಪಿಸ್ಟನ್ನು ರಾಡನ್ನು ಕ್ರ್ಯಾಂಕಿನ ಮೇಲೆ ಒತ್ತಿ ಹಿಡಿದಿರುತ್ತದೆ. ಸಡಿಲ ಬೋಲ್ಟು ಹೇಗೋ ತಾಳಬಹುದು. ಆದರೆ ಇಳಿಜಾರಿನಲ್ಲಿ ಇಡೀ ಭಾರವನ್ನು ಎಂಜಿನ್ನೇ ತಡೆದು ಹಿಡಿಯಬೇಕು. ಆಗ ಅದು ಹುಚ್ಚೆದ್ದು ತಿರುಗುತ್ತದೆ, ಪ್ರತಿ ಸುತ್ತಿಗೂ ರಾಡು ಬೋಲ್ಟನ್ನು ಜಗ್ಗುತ್ತದೆ. ಬೋಲ್ಟು ಹೋದರೆ ಎಂಜಿನ್ ಹೋಯಿತು. ಎಂಜಿನ್ ಹೋದರೆ ಅಷ್ಟು ದೊಡ್ಡ ಭಾರವನ್ನು ಬರೀ ಬ್ರೇಕು ಹಿಡಿಯಲಾರದು. ಅವನ ಮಗಳು ಆ ಭಾರದ ಮುಂದೆ ಕುಳಿತಿದ್ದಾಳೆ.

"ಏಳಿ ಭಾವ" ಎಂದು ಹಳದಿ ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ.

ವರ್ಕ್‌ಶಾಪಿನ ಜೀಪು ಹಳದಿಯ ಕೈಯಲ್ಲಿ ಬಾಲ ಸುಟ್ಟ ಬೆಕ್ಕಿನಂತೆ ಓಡಿತು. ಮೇಸ್ತ್ರಿ ವ್ರೆಂಚನ್ನು ತೊಡೆಯ ಮೇಲೆ ಹಿಡಿದು ಕುಳಿತಿದ್ದ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲ, ಆದರೆ ಈ ಸುಮ್ಮನಿರುವಿಕೆ ಬೇರೆ. ಒಮ್ಮೆ ಮಾತ್ರ ಹಳದಿ, ನಾನು ಪರೀಕ್ಷಿಸಿ ನೋಡಬೇಕಿತ್ತು ಎಂದ. ನಾನೇ ಬೇಡ ಅಂದಿದ್ದೆನಲ್ಲ ಎಂದ ಮೇಸ್ತ್ರಿ.

ಬೆಟ್ಟದ ಬುಡದಲ್ಲಿ ವಾಹನಗಳ ಸಾಲು ನಿಂತಿತ್ತು. ಟ್ರೇಲರ್ ಮೇಲೆ ತಲುಪುವ ತನಕ ಯಾರನ್ನೂ ಬಿಡುವುದಿಲ್ಲ ಎಂದು ಪೊಲೀಸರು ಅಡ್ಡ ಹಗ್ಗ ಕಟ್ಟಿದ್ದರು. ಇಬ್ಬರೂ ಜೀಪು ಬಿಟ್ಟು, ಹಗ್ಗದಡಿ ನುಸುಳಿ ಓಡಿದರು. ಹಿಂದಿನಿಂದ ಪೊಲೀಸ್ ಕೂಗಿದ್ದು ಮೇಸ್ತ್ರಿಗೆ ಕೇಳಿಸಲಿಲ್ಲ. ಓಡುವ ವಯಸ್ಸು ಅವನದಲ್ಲ. ಮೊದಲ ತಿರುವಿಗೇ ಪಕ್ಕೆ ಹಿಡಿಯಿತು, ಎರಡನೆಯದಕ್ಕೆ ಚಪ್ಪಲಿ ಹರಿಯಿತು; ಅದನ್ನು ಬಿಸಾಡಿ ಬರಿಗಾಲಲ್ಲಿ ಓಡಿದ. ಟಾರು ಸುಡುತ್ತಿತ್ತು. ದೇವರೇ, ನನ್ನ ಕೈ ಕಡಿದುಕೋ, ಅವಳನ್ನು ಬಿಡು ಎಂದು ಬೇಡಿದ. ದೇವರ ವಿಷಯದಲ್ಲಿ ಅವನದು ಮೊದಲಿನಿಂದಲೂ ಕಡಿಮೆ ಮಾತು. ಅವತ್ತು ಅಷ್ಟೂ ಬಾಕಿ ತೀರಿಸಿದ.

ಮೂರನೆಯ ತಿರುವಿನಲ್ಲಿ ಟ್ರೇಲರ್ ಕಂಡಿತು. ಟ್ರಾನ್ಸ್‌ಫಾರ್ಮರನ್ನು ಹೊತ್ತು, ಲೆಕ್ಕವಿಲ್ಲದಷ್ಟು ಚಕ್ರಗಳ ಮೇಲೆ, ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಅದು ಏರುತ್ತಿತ್ತು. ಎರಡೂ ಬದಿಗೆ ಕೂಲಿಗಳು ಮರದ ದಿಮ್ಮಿ ಹೊತ್ತು ನಡೆಯುತ್ತಿದ್ದರು. ಲಾರಿ ನಿಂತರೆ ಚಕ್ರಕ್ಕೆ ಅಡ್ಡ ಕೊಡುವುದು ಅವರ ಕೆಲಸ. ಎಂಜಿನ್ನಿನ ಭಾರಿ ಗುಡುಗಿನೊಳಗೆ ಮೇಸ್ತ್ರಿಗೆ ಬೇಕಿಲ್ಲದ ಒಂದು ಸದ್ದು ಕೇಳಿಸಿತು. ಒಳಗೆ ಯಾರೋ ಬಾಗಿಲು ಬಡಿದಂತೆ, ಮೆಲ್ಲಗೆ, ಬಿಟ್ಟೂ ಬಿಡದೆ.

ಚಕ್ರಗಳ ಪಕ್ಕದಲ್ಲೇ ಓಡಿ ಲಾರಿಯ ಕ್ಯಾಬಿನ್ನಿಗೆ ಸಮನಾದ. ಮಗಳು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಿದ್ದಳು. ಅವಳ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಅವನು ನಿಲ್ಲಿಸು ಎಂದು ಕೂಗಿದ, ವ್ರೆಂಚು ಎತ್ತಿ ಬೀಸಿದ. ಅವಳು ಒಮ್ಮೆ ಕೆಳಗೆ ನೋಡಿದಳು. ಕಣ್ಣು ಕೆಂಪಗೆ, ಚಪ್ಪಲಿಯಿಲ್ಲದೆ, ಕೈಯಲ್ಲಿ ಕಬ್ಬಿಣ ಹಿಡಿದು ಕೂಗುತ್ತಿರುವ ಅಪ್ಪ. ಹೇಳಿದ ಮಾತಿನಂತೆ ಎಲ್ಲರೆದುರು ಕೆಳಗೆ ಎಳೆಯಲು ಬಂದಿದ್ದಾನೆ. ಅವಳು ಗಾಜು ಏರಿಸಿ ಮತ್ತೆ ರಸ್ತೆಯ ಕಡೆ ತಿರುಗಿದಳು. ಅವಳ ತುಟಿ ನಡುಗುತ್ತಿದ್ದುದು ಗಾಜಿನಾಚೆಯಿಂದಲೂ ಅವನಿಗೆ ಕಂಡಿತು.

ಮೇಸ್ತ್ರಿ ನಿಂತುಬಿಟ್ಟ. ಬಾಗಿಲಿಗೆ ಜೋತುಬಿದ್ದರೆ ಅವಳು ಬೆದರಿ ಆಕ್ಸಿಲರೇಟರಿನಿಂದ ಒಮ್ಮೆಲೇ ಕಾಲು ತೆಗೆದಾಳು; ಅದೇ ಸಾಕು ಬೋಲ್ಟು ಹೋಗಲು. ಏರಿನ ತುದಿ ಎದುರಿಗೆ ಕಾಣುತ್ತಿತ್ತು. ಅದರಾಚೆ ಇಳಿಜಾರು. ಹಿಂದೆ ಹಳದಿ ಏದುಸಿರು ಬಿಡುತ್ತ ಬಂದ. ಮೇಸ್ತ್ರಿ ಅವನ ಭುಜಕ್ಕೆ ಕೈ ಹಾಕಿ, ತನಗೆ ಒತ್ತಿ ಹಿಡಿದುಕೊಂಡು, ಲಾರಿಯ ಜೊತೆಗೇ ಅವನನ್ನು ಎಳೆಯುತ್ತ ನಡೆದ. ಕಿವಿಯ ಹತ್ತಿರ ಬಾಯಿಟ್ಟು ಹೇಳಿದ.

"ನನ್ನ ಮಾತು ಅವಳು ಕೇಳಲ್ಲ ಕಣೋ. ನೀನು ಹೇಳು. ಜೋರು ಮಾಡ್ಬೇಡ ಅನ್ನು, ದಿಮ್ಮಿ ಕೊಡಿಸಿ ಹಾಗೇ ಆಫ್ ಮಾಡು ಅನ್ನು. ನಿನ್ನ ಕಾಲಿಗೆ ಬೀಳ್ತೀನಿ, ಅವಳನ್ನು ನಿಲ್ಸು."

ಹಳದಿ ತಲೆಯಾಡಿಸಿದ, ಏನೋ ಕೇಳಿದ, ಇವನು ಉತ್ತರ ಕೊಟ್ಟ. ಇಬ್ಬರ ತಲೆಗಳೂ ಒಂದಕ್ಕೊಂದು ತಾಗುತ್ತಿದ್ದವು. ಹಳದಿ ಕ್ಯಾಬಿನ್ ತಲುಪುವ ಮೊದಲೇ ಹಾರನ್ ಎರಡು ಸಲ ಉದ್ದಕ್ಕೆ ಕೂಗಿತು. ಕೂಲಿಗಳು ದಿಮ್ಮಿಗಳೊಂದಿಗೆ ಚಕ್ರಗಳತ್ತ ಓಡಿದರು. ಲಾರಿ ಒಂದು ಸಲ ನರಳಿ ನಿಂತಿತು. ಮೇಸ್ತ್ರಿ ಕೈ ಅಡ್ಡ ಆಡಿಸಿ ಆಫ್ ಎಂದು ಸನ್ನೆ ಮಾಡಿದ. ಎಂಜಿನ್ ಸುಮ್ಮನಾಯಿತು, ಇಡೀ ಬೆಟ್ಟ ಸುಮ್ಮನಾದಂತಾಯಿತು.

ಅವಳು ಇಳಿದು ಬಂದಳು. ಆಗ ಹೇಳದಿದ್ದರೂ ಆಮೇಲೆ ತಾಯಿಯ ಹತ್ತಿರ ಹೇಳಿದ್ದು ಇಷ್ಟು: ಕನ್ನಡಿಯಲ್ಲಿ ಅಪ್ಪ ಮಾವ ಇಬ್ಬರೂ ಮಾತಾಡುತ್ತಿದ್ದದ್ದು ಕಂಡಿತು, ಹಾಗಾದರೆ ಏನೋ ಬಹಳ ಕೆಟ್ಟದ್ದೇ ಆಗಿದೆ ಎಂದು ನಿಲ್ಲಿಸಿದೆ.

ಮುಂದಿನ ಜೀಪಿನಿಂದ ಸೂಪರ್‌ವೈಸರ್ ಓಡಿಬಂದ. ಏರಿನ ಮಧ್ಯೆ ಯಾರು ನಿಲ್ಲಿಸಲು ಹೇಳಿದರು ಎಂದು ಅವಳ ಮೇಲೆ ಹರಿಹಾಯ್ದ. ಹೆಣ್ಣುಮಕ್ಕಳ ಕೈಗೆ ಭಾರದ ಗಾಡಿ ಕೊಡಬೇಡಿ ಎಂದು ತಾನು ಮೊದಲೇ ಹೇಳಿದ್ದೆ, ಈಗ ಅಪ್ಪನೂ ಮಾವನೂ ಬಂದು ಕರೆದುಕೊಂಡು ಹೋಗಬೇಕಾಯಿತು ನೋಡಿ ಎಂದು ಕೂಲಿಗಳಿಗೆಲ್ಲ ಕೇಳುವಂತೆ ಅಂದ. ಮೇಸ್ತ್ರಿ ಲಾರಿಯಡಿಗೆ ತೆವಳಿದ. ಮೇಲೆ ದಿಮ್ಮಿಗಳನ್ನು ನಂಬಿ ನಿಂತ ಭಾರ, ಕೆಳಗೆ ಬೆನ್ನಿಗೆ ಒತ್ತುವ ಜಲ್ಲಿ. ಎಣ್ಣೆ ಇಳಿಸಿ, ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿದ. ಕಾದ ಎಣ್ಣೆ ತೋಳಿನ ಮೇಲೆ ಸುರಿಯಿತು, ಅವನಿಗೆ ಗೊತ್ತಾಗಲಿಲ್ಲ. ಎಣ್ಣೆಯ ಜೊತೆಗೆ ಬೇರಿಂಗಿನ ಹೊಳೆಯುವ ಪುಡಿಯೂ ಬಂತು.

ಒಂದು ಮತ್ತು ಆರು ಸರಿಯಿದ್ದವು. ಎರಡು ಮತ್ತು ಐದು ಸರಿಯಿದ್ದವು. ನಾಲ್ಕರದಕ್ಕೆ ಬೆರಳು ಕೊಟ್ಟ, ಅದು ಹೇಗೋ ಕುಳಿತಿತ್ತು. ಮೂರರ ಒಂದು ಬೋಲ್ಟಿನ ಮೇಲಿನ ಹಳದಿ ಚುಕ್ಕೆ ಪೂರಾ ತಿರುಗಿ ಆಚೆಗೆ ಹೋಗಿತ್ತು. ಮುಟ್ಟಿದರೆ ಎರಡು ಬೆರಳಿಗೆ ತಿರುಗಿತು. ತಿರುಪಿನ ಕೊನೆಯ ಕೆಲವು ಸುತ್ತುಗಳಷ್ಟೇ ಅದನ್ನು ಹಿಡಿದಿದ್ದವು.

"ಆಯ್ತಾ ಭಾವ?" ಎಂದು ಹೊರಗಿನಿಂದ ಹಳದಿ ಕೇಳಿದ. ಹಳೆಯ ಅಭ್ಯಾಸ, ತಾನಾಗಿ ಬಾಯಿಗೆ ಬಂದಿತ್ತು.

ಮೇಸ್ತ್ರಿಗೆ ಆ ಎರಡಕ್ಷರ ಹೇಳಲಾಗಲಿಲ್ಲ. ಬೋಲ್ಟನ್ನು ಬೆರಳ ನಡುವೆ ಹಿಡಿದು ಹಾಗೇ ಮಲಗಿದ್ದ. ಆ ಇಕ್ಕಟ್ಟಿನಲ್ಲಿ ಮುಖ ಒರೆಸಿಕೊಳ್ಳಲೂ ಜಾಗವಿರಲಿಲ್ಲ.

"ಆಗಿಲ್ಲ" ಎಂದ ಕೊನೆಗೆ. "ಅವತ್ತೂ ಆಗಿರ್ಲಿಲ್ಲ ಕಣೋ."

ಹೊರಗೆ ಬಂದವನಿಗೆ ಸೂಪರ್‌ವೈಸರ್, ಸಿಕ್ಕಿತಲ್ಲ, ಬಿಗಿದು ಬಿಡಿ, ಹೊರಡೋಣ ಎಂದ. ಮೇಸ್ತ್ರಿ ಆಗದೆಂದು ತಲೆಯಾಡಿಸಿದ. ಎಳೆದುಹೋದ ಬೋಲ್ಟು, ಉಜ್ಜಿಹೋದ ಬೇರಿಂಗು. ಇದು ಇಲ್ಲಿಂದ ಒಂದು ಗೇಣೂ ಎಳೆಯುವಂತಿಲ್ಲ, ಬೇರೆ ಲಾರಿ ತರಿಸಿ ಎಂದ. ಅದರ ಜೊತೆಗೆ, ದಿಮ್ಮಿ ಹೊತ್ತವರಿಗೂ ಕೇಳುವಂತೆ ಗಂಟಲೆತ್ತಿ ಹೇಳಿದ.

"ಗಾಡಿ ಓಡಿಸಿದ್ರಲ್ಲಿ ತಪ್ಪಿಲ್ಲ. ಬಿಗೀದೆ ಬಿಟ್ಟವನು ನಾನು. ಬರ್ಕೊಳ್ಳೋದಿದ್ರೆ ನನ್ನ ಹೆಸರು ಬರ್ಕೊಳ್ಳಿ."

ಇನ್ನು ಆ ಶೆಡ್ಡಿನಲ್ಲಿ ಯಾರೂ ತನ್ನ ಕೈಗೆ ಎಂಜಿನ್ ಕೊಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೊಟ್ಟರೂ ತೆಗೆದುಕೊಳ್ಳುವ ಮುಖ ಉಳಿದಿರಲಿಲ್ಲ. ವ್ರೆಂಚಿನ ಹಿಡಿ ತಿರುಗಿಸಿ ಅಂಕಿಯನ್ನು ಸೊನ್ನೆಗೆ ಇಳಿಸಿದ. ಅಂಗಿಯ ತುದಿಯಲ್ಲಿ ಒರೆಸಿ, ಬಾಮೈದನ ಕೈಗೆ ಕೊಟ್ಟ. ಹಳದಿ ಬೇಡವೆನ್ನಲು ಬಾಯಿ ತೆರೆದವನು ಸುಮ್ಮನೆ ಹಿಡಿದುಕೊಂಡ.

ಬೇರೆ ಲಾರಿ ಬರುವ ತನಕ ಕಾಯಬೇಕಿತ್ತು. ಮೇಸ್ತ್ರಿ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತಿದ್ದ. ಬರಿಗಾಲಲ್ಲಿ ಬೊಬ್ಬೆ ಎದ್ದಿತ್ತು, ತೋಳು ಸುಟ್ಟು ಕೆಂಪಾಗಿತ್ತು. ಮಗಳು ಬಂದು ಎದುರಿಗೆ ನಿಂತಳು. ಅವಳ ಮೊದಲ ದೊಡ್ಡ ಭಾರ ಅರ್ಧ ಬೆಟ್ಟದಲ್ಲಿ ನಿಂತಿತ್ತು. ಇನ್ನು ಇಂಥದೊಂದನ್ನು ಅವಳ ಕೈಗೆ ಯಾರು ಯಾವಾಗ ಕೊಡುತ್ತಾರೋ ಹೇಳುವಂತಿರಲಿಲ್ಲ. ಮಾವ ಅವಳಿಗೆ ಬೋಲ್ಟಿನ ವಿಷಯ ಹೇಳಿದ್ದ. ಒಂದು ಮಾತು ಮಾತ್ರ ಅವಳಿಗೆ ಅರ್ಥವಾಗಿರಲಿಲ್ಲ.

"ನೀನು ಕೆಲಸ ಅರ್ಧಕ್ಕೆ ಬಿಟ್ಟು ಏಳೋನಲ್ಲ ಅಪ್ಪ. ಅವತ್ತು ಎಲ್ಲಿಗೆ ಹೋಗಿದ್ದೆ?"

ಮೇಸ್ತ್ರಿ ಅವಳ ಮುಖ ನೋಡಲಿಲ್ಲ.

"ಮನೆಗೆ. ನೀನು ಲಾರಿ ಹತ್ತಿದ್ರೆ ಸಾಯ್ತೀಯ ಅಂತ ನಿನ್ನ ಹತ್ರ ಜಗಳ ಆಡೋಕೆ."

ಅವಳು ಕ್ಯಾಬಿನ್ ಹತ್ತಿ ತನ್ನ ಚಪ್ಪಲಿ ಮತ್ತು ನೀರಿನ ಬಾಟಲಿ ತಂದು ಅವನ ಕಾಲ ಬಳಿ ಇಟ್ಟಳು. ಚಪ್ಪಲಿ ಅವನಿಗೆ ಚಿಕ್ಕದಾಗುತ್ತಿತ್ತು. ಅವಳು ಬರಿಗಾಲಲ್ಲೇ ಹೋಗಿ, ಚಕ್ರಗಳಿಗೆ ಕೊಟ್ಟ ದಿಮ್ಮಿಗಳನ್ನು ಒಂದೊಂದಾಗಿ ಬಗ್ಗಿ ನೋಡತೊಡಗಿದಳು. ಹಳದಿ ಅವಳ ಹಿಂದಿನಿಂದ ಹೋಗಿ, ಅವಳು ನೋಡಿದ್ದನ್ನು ಇನ್ನೊಮ್ಮೆ ನೋಡಿದ.